ಹಂಚಿಕೊಂಡ ಕೌದಿ

ನಾನು ಕನ್ನಡ ಟೀಚರು. ವಡಾಲದ ಒಂದು ಮುನ್ಸಿಪಾಲಿಟಿ ಶಾಲೆಯಲ್ಲಿ ಹನ್ನೊಂದು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ದಹಿಸರ್‌ನಲ್ಲಿ ಲೋಕಲ್ ಹತ್ತಿ, ಅಂಧೇರಿಯಲ್ಲಿ ಇಳಿದು, ಹಾರ್ಬರ್ ಲೈನಿನ ಗಾಡಿಗೆ ನುಗ್ಗಿ ದಿನಾ ಹೋಗಿ ಬರುತ್ತೇನೆ. ನಮ್ಮ ಪಾಠಪುಸ್ತಕದಲ್ಲಿ ಪ್ರತಿ ಪಾಠದ ಕೊನೆಗೂ "ನಿಮ್ಮ ಅನುಭವವನ್ನು ಹಂಚಿಕೊಳ್ಳಿ" ಎಂದು ಒಂದು ಪ್ರಶ್ನೆ ಇರುತ್ತದೆ. ಹೋದ ಜನವರಿಯಿಂದ ನಾನು ಆ ಸಾಲನ್ನು ಓದುವುದಿಲ್ಲ. "ನಿಮಗೆ ಏನಾಯಿತು ಹೇಳಿ" ಎನ್ನುತ್ತೇನೆ. ಮಕ್ಕಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನನಗೂ ಗೊತ್ತಿರಲಿಲ್ಲ, ಅವ್ವನ ಕೌದಿ ಹೋಗುವವರೆಗೆ.

ಕೌದಿ ಎಂದರೆ ನಮ್ಮ ವಿಜಾಪುರದ ಕಡೆ ಹಳೆಯ ಬಟ್ಟೆಗಳನ್ನು ಪದರದ ಮೇಲೆ ಪದರ ಹಾಸಿ ಕೈಯಿಂದ ಹೊಲಿದ ಹೊದಿಕೆ. ಮನೆಯವರು ಉಟ್ಟು ತೊಟ್ಟು ಹರಿದದ್ದೇ ಅದಕ್ಕೆ ಬೇಕು, ಅಂಗಡಿಯ ಬಟ್ಟೆ ನಡೆಯುವುದಿಲ್ಲ. ಅಪ್ಪ ಬಿಲ್ಡಿಂಗ್ ಕಟ್ಟುವ ಕೂಲಿಯಲ್ಲೇ ಆಯುಷ್ಯ ಕಳೆದವನು. ಅವ್ವ ಅವನ ಜೊತೆಗೇ ಗಾರೆಯ ಬುಟ್ಟಿ ಹೊತ್ತವಳು. ಅವನು ತೀರಿಕೊಂಡ ವರ್ಷದ ಮಳೆಗಾಲವಿಡೀ ಅವ್ವ ದಹಿಸರ್‌ನ ಚಾಳಿನಲ್ಲಿ, ನಮ್ಮ ಒಂದೇ ಕೋಣೆಯ ಮನೆಯ ಬಾಗಿಲಲ್ಲಿ ಕೂತು ಈ ಕೌದಿ ಹೊಲಿದಳು. ಅಪ್ಪನ ಮೂರು ಅಂಗಿ, ಎರಡು ಲುಂಗಿ, ಅವ್ವನ ಮದುವೆಯ ಇಳಕಲ್ ಸೀರೆಯ ಸೆರಗು, ನನ್ನ ಶಾಲೆಯ ನೀಲಿ ಲಂಗ ಅದರಲ್ಲಿದ್ದವು. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಒಂದು ಚೂರು ಜೋಳದ ರೊಟ್ಟಿಯನ್ನು ಒಳಗೆ ತುರುಕಿದಳು. ಯಾಕೆ ಎಂದು ಕೇಳಿದ್ದಕ್ಕೆ, "ಕೌದಿ ಹಸಕೊಂಡು ಇರಬಾರದವ್ವ. ಅದರ ಹೊಟ್ಯಾಗೂ ಏನರ ಇರಬೇಕಲ್ಲ" ಎಂದಳು. ನಮ್ಮ ಕಡೆ ಎಲ್ಲರೂ ಹೀಗೇ ಮಾಡುತ್ತಾರೆ, ಇವಳೊಬ್ಬಳ ಹುಚ್ಚಲ್ಲ.

ಆಮೇಲೆ ಚಾಳು ಕೆಡವಿದರು. ಅದೇ ಜಾಗದಲ್ಲಿ ಬಿಲ್ಡಿಂಗ್ ಎದ್ದಿತು, ಏಳನೇ ಮಹಡಿಯಲ್ಲಿ ನಮಗೆ ಒಂದು ಫ್ಲ್ಯಾಟ್ ಸಿಕ್ಕಿತು. ಪರದೆಗೂ ಸೋಫಾಕ್ಕೂ ಬಣ್ಣ ಹೊಂದಿಸಿ ನಾನು ಮನೆ ಸಿಂಗರಿಸಿದೆ. ಅಲ್ಲಿ ಕೌದಿಗೆ ಜಾಗವಿರಲಿಲ್ಲ. ಜಾಗವಿತ್ತು, ನನಗೆ ಮನಸ್ಸಿರಲಿಲ್ಲ. ಇಷ್ಟು ವರ್ಷಗಳ ಮೇಲಾದರೂ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಅಕ್ಕಪಕ್ಕದವರು ಬಂದಾಗ ಅವ್ವ ಅದನ್ನು ಹೊದ್ದು ಹಾಲ್‌ನಲ್ಲಿ ಕೂತಿದ್ದರೆ ನನಗೆ ನಾಚಿಕೆಯಾಗುತ್ತಿತ್ತು. ಒಂದು ದಿನ ಕೌದಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಲಾಫ್ಟಿನಲ್ಲಿಟ್ಟೆ. ಅದರ ಬದಲು ಹುಲಿಯ ಚಿತ್ರವಿದ್ದ ದಪ್ಪ ಬ್ಲ್ಯಾಂಕೆಟ್ ತಂದುಕೊಟ್ಟೆ.

"ನನ್ನ ಕೌದಿ ಎಲ್ಲಿ ಇಟ್ಟಿ?" ಎಂದು ಅವ್ವ ಕೇಳಿದಳು.

"ಮ್ಯಾಲ ಅದ. ವಾಸನಿ ಹಿಡದದ. ಇಲ್ಲಿ ಇಡಾಕ ಜಾಗ ಎಲ್ಲದ?"

ತಿಂಗಳಾದ ಮೇಲೆ ಇನ್ನೊಮ್ಮೆ ಕೇಳಿದಳು, ನಾನು ಅದೇ ಉತ್ತರ ಕೊಟ್ಟೆ. ಮೂರನೆಯ ಸಲ ಕೇಳಲಿಲ್ಲ. ಹುಲಿಯನ್ನು ಹೊದ್ದು ಮಲಗಿದಳು.

ಕೌದಿಯನ್ನು ಕೆಳಗಿಳಿಸಿದವಳು ನನ್ನ ಮಗಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಹಿಂದಿಯಲ್ಲಿ ಶುರುವಾಗಿ ಇಂಗ್ಲಿಷಿನಲ್ಲಿ ಮುಗಿಯುತ್ತದೆ. ಕಾಲೇಜು ಮುಗಿಸಿ ಒಂದು ವರ್ಷದಿಂದ ಶನಿವಾರ ಭಾನುವಾರ ಗೊರಾಯಿಯ ಕಡೆಯ ಒಂದು ಜಾಗಕ್ಕೆ ಹೋಗುತ್ತಿದ್ದಳು. ಅದು ಹೋಟೆಲಲ್ಲ, ಆಶ್ರಮವಲ್ಲ, ಶಾಲೆಯೂ ಅಲ್ಲ. ಅವಳ ಬಾಯಲ್ಲಿ ಅದು 'ಸ್ಪೇಸ್'. ಊರೊಳಗಿನ ಜನ ಅಲ್ಲಿಗೆ ಹೋಗಿ ಎರಡು ದಿನ ಇದ್ದು ಚಿತ್ರ ಬರೆಯುತ್ತಾರೆ, ಮಡಕೆ ಮಾಡುತ್ತಾರೆ, ಹಾಡುತ್ತಾರೆ, ಒಟ್ಟಿಗೆ ಅಡುಗೆ ಮಾಡಿ ಉಣ್ಣುತ್ತಾರೆ, ಅಳುತ್ತಾರೆ. ಮಗಳು ಸೂಟ್‌ಕೇಸ್ ಹುಡುಕುತ್ತ ಲಾಫ್ಟಿಗೆ ಹತ್ತಿದವಳು ಕೌದಿಯ ಫೋಟೋ ತೆಗೆದು ಅಲ್ಲಿಗೆ ಕಳಿಸಿದಳು. ಆ ಜಾಗವನ್ನು ನಡೆಸುವ ಹೆಂಗಸು ಕೂಡಲೇ ಫೋನ್ ಮಾಡಿದಳು. ಅಜ್ಜಿ ಬಂದು ಒಂದು ದಿನ ಎಲ್ಲರಿಗೂ ಕೌದಿ ಹೊಲಿಯುವುದನ್ನು ಕಲಿಸಬೇಕಂತೆ, ಆ ಕೌದಿಯನ್ನೂ ತರಬೇಕಂತೆ.

"ಅಜ್ಜಿ, ತುಮ್ ಬಸ್ ಹೊಲಿ ನಾ. ಬಾಕಿ ಮಮ್ಮಿ ಹೇಳ್ತಾಳೆ" ಎಂದಳು ಮಗಳು.

ಅವ್ವ ನನ್ನ ಕಡೆ ತಿರುಗಿ, "ನೀ ಬರ್ತೀಯೇನ?" ಎಂದಳು. ಸಂತೆ ಮಾಡುವಷ್ಟು ಹಿಂದಿ ಬಿಟ್ಟರೆ ಅವಳಿಗೆ ಬೇರೆ ಭಾಷೆ ಬಾರದು. ಬರುತ್ತೇನೆ ಎಂದೆ. ಅವಳ ಕನ್ನಡವನ್ನು ಹಿಂದಿಗೆ ತಿರುಗಿಸಿ ಅಂಥವರಿಗೆಲ್ಲ ಹೇಳುವುದಕ್ಕೆ ನನಗಿಂತ ಯಾರಿದ್ದಾರೆ ಎಂದು ಒಳಗೊಳಗೇ ಉಬ್ಬಿದ್ದೆ.

ಬೋರಿವಲಿಯಿಂದ ರಿಕ್ಷಾದಲ್ಲಿ ಜೆಟ್ಟಿಗೆ ಹೋಗಿ ಖಾಡಿ, ಅಂದರೆ ಕಡಲಿನ ಹಿನ್ನೀರು, ದಾಟಲು ಬೋಟು ಹತ್ತಿದೆವು. ಮುಂಬಯಿಯಲ್ಲಿ ಇಷ್ಟು ವರ್ಷವಿದ್ದರೂ ಅವ್ವನಿಗೆ ನೀರೆಂದರೆ ಜೀವ ಝಲ್ಲೆನ್ನುತ್ತದೆ. ಒಂದು ಕೈಯಲ್ಲಿ ಲುಂಗಿಯಲ್ಲಿ ಸುತ್ತಿದ ಕೌದಿ, ಇನ್ನೊಂದರಲ್ಲಿ ನನ್ನ ಮಣಿಕಟ್ಟು. ಬೋಟು ಆಚೆ ದಡ ಮುಟ್ಟುವ ತನಕ ಬಿಡಲಿಲ್ಲ, ಇಳಿಯುವಾಗಲೂ ಬಿಡಲಿಲ್ಲ. ಬಳೆ ಒತ್ತಿ ನನ್ನ ಕೈ ಕೆಂಪಾಗಿತ್ತು.

ಜಾಗ ಚೆನ್ನಾಗಿಯೇ ಇತ್ತು. ತೆಂಗಿನ ಮರಗಳು, ಅವುಗಳ ನಡುವೆ ಬಟ್ಟೆಯ ಜೋಲಿಗಳು, ಮಣ್ಣಿನ ಗೋಡೆಯ ಗುಡಿಸಲುಗಳು, ನಡುವೆ ಮರಳು ಹಾಸಿದ ಒಂದು ದುಂಡು ಅಂಗಳ. ಗೇಟಿನ ಬೋರ್ಡಿನಲ್ಲಿ ಟ್ರಾಪಿಕಲ್ ಎಂಬ ಮಾತೂ ಇತ್ತು. ಇದೇ ಹವೆಯಲ್ಲಿ ನಾವು ಚಾಳಿನಲ್ಲಿ ಮೂವತ್ತು ವರ್ಷ ಬೆವತಿದ್ದೇವೆ, ನಾವು ಅದನ್ನು ಸೆಕೆ ಎನ್ನುತ್ತಿದ್ದೆವು. ನಡೆಸುವ ಹೆಂಗಸು ಎದುರು ಬಂದಳು. ನಲವತ್ತರ ಆಸುಪಾಸು, ಬೂದು ಬಣ್ಣದ ಸಡಿಲ ಬಟ್ಟೆ, ಮೆಲುದನಿ, ಮಾತಾಡುವಾಗಲೆಲ್ಲ ಎದೆಯ ಮೇಲೆ ಒಂದು ಕೈ. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಇದನ್ನು ಬರೆಯುವುದು ಎಷ್ಟೋ ಸುಲಭವಾಗುತ್ತಿತ್ತು.

ಅವ್ವ ಅವಳಿಗೆ ನಮಸ್ಕಾರ ಮಾಡಿ ನೇರ ಗೋಡೆಯ ಹತ್ತಿರ ಹೋಗಿ ಅಂಗೈಯಿಂದ ಸವರಿದಳು. "ಹೊಟ್ಟು ಕಮ್ಮಿ ಹಾಕ್ಯಾರ. ಮಳಿ ಬಂದ್ರ ಬಿರಕು ಬಿಡ್ತದ" ಎಂದಳು.

"ಕ್ಯಾ ಬೋಲೀ ಅಮ್ಮಾ?" ಎಂದು ಆ ಹೆಂಗಸು ಆಸೆಯಿಂದ ಕೇಳಿದಳು.

"ಗೋಡೆ ಬಹಳ ಸುಂದರವಾಗಿದೆ ಅಂದಳು" ಎಂದೆ. ಆ ದಿನ ನಾನು ಮಾಡಿದ ಮೊದಲ ಅನುವಾದ ಅದು.

ಮೊದಲು ಎಲ್ಲರೂ ಚಪ್ಪಲಿ ಬಿಟ್ಟು ಮರಳಿನಲ್ಲಿ ದುಂಡಗೆ ಕೂತರು. ಮೂವತ್ತು ಜನರಿದ್ದಿರಬಹುದು. ಇದಕ್ಕೆ ಶೇರಿಂಗ್ ಎನ್ನುತ್ತಾರೆ ಎಂದು ಮಗಳು ಪಿಸುಗುಟ್ಟಿದಳು. ಒಬ್ಬೊಬ್ಬರೇ ತಮ್ಮ ಮನಸ್ಸಿನ ಭಾರ ಹೇಳುತ್ತಾ ಹೋದರು. ಒಬ್ಬನಿಗೆ ಅಪ್ಪನ ಮೇಲೆ ಸಿಟ್ಟು. ಒಬ್ಬಳು ಫೋರ್ಟ್‌ನ ಬ್ಯಾಂಕಿನಲ್ಲಿ ಹನ್ನೆರಡು ವರ್ಷ ದುಡಿದು ದಣಿದಿದ್ದಳು. ಅವ್ವ ಇವರೆಲ್ಲ ಏನು ಮಾಡುತ್ತಿದ್ದಾರೆ ಎಂದು ಕೇಳಿದಳು.

"ತಮ್ಮ ದುಃಖ ಹಂಚಿಕೋತಾರ" ಎಂದೆ.

"ದುಃಖ ಹೆಂಗ ಹಂಚತಾರ? ಯಾರಿಗಿ ಎಷ್ಟು ಬರ್ತದ?"

ನನಗೆ ನಗು ತಡೆಯಲಾಗಲಿಲ್ಲ. ಅವಳ ಮಾತನ್ನು ಹಿಂದಿಯಲ್ಲಿ ಹೇಳಿದೆ. ಎಲ್ಲರೂ ನಕ್ಕರು, ಕೆಲವರು ಬರೆದುಕೊಂಡರು. ಅವ್ವ ತಮಾಷೆಗೆ ಕೇಳಿರಲಿಲ್ಲ. ಅಂದು ಅಲ್ಲೇ ನಾನು ಎಚ್ಚರಾಗಬೇಕಿತ್ತು. ಅವಳ ಸರದಿ ಬಂದಾಗ, ಈಗ ನಿಮ್ಮ ದೇಹದಲ್ಲಿ ಏನು ಅನಿಸುತ್ತಿದೆ ಎಂದು ಕೇಳಿದರು. "ಮೊಣಕಾಲು ನೋಯಾಕತ್ಯಾವ. ಒಂದು ಕುರ್ಚಿ ಕೊಟ್ರ ಛಲೋ" ಎಂದಳು. ಅದನ್ನು ಮಾತ್ರ ನಾನು ಸರಿಯಾಗಿ ಹೇಳಿದೆ. ಅದಕ್ಕೂ ಅವರು ಗಂಭೀರವಾಗಿ ತಲೆಯಾಡಿಸಿದರು. ಕುರ್ಚಿ ಬರಲು ಸಾಕಷ್ಟು ಹೊತ್ತು ಹಿಡಿಯಿತು.

ಹೊಲಿಗೆ ಶುರುವಾದ ಮೇಲೆ ಅವ್ವ ಬೇರೆಯೇ ಆದಳು. ಏಳನೇ ಮಹಡಿಯಲ್ಲಿ ನಾನು ಮರೆತೇ ಹೋಗಿದ್ದ ದನಿ ಹೊರಗೆ ಬಂತು. ಕಟ್ಟಡದ ಕೆಲಸದ ಜಾಗದಲ್ಲಿ ನಿಂತು ಅವಳು ಕೂಲಿಯವರನ್ನು ಕರೆಯುತ್ತಿದ್ದ ದನಿ ಅದು. ಜುಟ್ಟು ಕಟ್ಟಿದ್ದ ಒಬ್ಬ ಗಂಡಸಿನ ಕೈಯಿಂದ ಸೂಜಿ ಕಿತ್ತುಕೊಂಡು, "ಇಷ್ಟುದ್ದ ದಾರ ಯಾಕ ತಗೊಂಡಿ? ಗಂಟು ಬೀಳ್ತದ. ಬಿಚ್ಚು" ಎಂದಳು. ನಾನು ಹಿಂದಿಯಲ್ಲಿ, "ದಾರ ಸಣ್ಣದಿರಲಿ, ಬದುಕಿನಲ್ಲಿ ಆಸೆಯೂ ಸಣ್ಣದಿರಲಿ ಎನ್ನುತ್ತಾಳೆ" ಎಂದೆ. ಗುಂಪಿನಲ್ಲಿ ಆಹಾ ಎಂಬ ಉಸಿರು ಹೊರಟಿತು. ಅವ್ವ ಎರಡು ಮಾತು ಹೇಳಿದರೆ ನಾನು ಎಂಟು ಹೇಳಿದೆ. ನನ್ನ ಹನ್ನೊಂದು ಮಕ್ಕಳು ಯಾವತ್ತೂ ಹಾಗೆ ಬಾಯಿ ಬಿಟ್ಟು ಕೇಳಿದವರಲ್ಲ. ನೀವು ಎಷ್ಟು ಚೆನ್ನಾಗಿ ಅನುವಾದ ಮಾಡುತ್ತೀರಿ ಎಂದು ಆ ಬ್ಯಾಂಕಿನ ಹೆಂಗಸು ನನ್ನ ಕೈ ಹಿಡಿದಳು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮಧ್ಯಾಹ್ನ ಬಾಳೆಯೆಲೆಯ ಮೇಲೆ ಊಟ ಹಾಕಿದರು, ಜೋಳದ ರೊಟ್ಟಿಯೂ ಇತ್ತು. ಅವ್ವ ಒಂದು ಚೂರು ಮುರಿದು ಸೆರಗಿಗೆ ಕಟ್ಟಿಕೊಂಡಳು. ಅವರು ಎಲ್ಲರೂ ಸೇರಿ ಹೊಲಿಯುತ್ತಿದ್ದ ಮೊಳದುದ್ದದ ಪುಟ್ಟ ಕೌದಿಗೂ ಹೊಟ್ಟೆ ಇದೆಯಲ್ಲ. ಯಾಕೆಂದು ಕೇಳಿದರು, ಅವ್ವ ಹೇಳಿದಳು, ನಾನು ಅದಕ್ಕೆ ಒಗ್ಗರಣೆ ಹಾಕಿ ಬಡಿಸಿದೆ. ಇಬ್ಬರು ಹುಡುಗಿಯರು ಅತ್ತೇಬಿಟ್ಟರು. ನಡೆಸುವ ಹೆಂಗಸು ಅವ್ವನ ದೊಡ್ಡ ಕೌದಿಯ ಮೇಲೆ ಕೈಯಿಟ್ಟು, "ಇದರೊಳಗೂ ರೊಟ್ಟಿ ಇದೆಯಾ?" ಎಂದು ಕೇಳಿದಳು. ಇದೆ ಎಂದೆ. ಅವಳು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಳು.

ನಾಲ್ಕು ಗಂಟೆಗೆ ನನ್ನನ್ನೂ ಅವ್ವನನ್ನೂ ಕರೆದು ಕೂರಿಸಿಕೊಂಡಳು. ಸಂಜೆ ಎಲ್ಲರೂ ಕೊನೆಯ ಸಲ ದುಂಡಗೆ ಸೇರುತ್ತೇವೆ, ಆಗ ಈ ಕೌದಿಯನ್ನು ಎಲ್ಲರ ಜೊತೆ ಶೇರ್ ಮಾಡಬೇಕು ಎಂದು ನನ್ನ ಮನಸ್ಸಿಗೆ ಬಂದಿದೆ, ಆದರೆ ಅಮ್ಮನ ಒಪ್ಪಿಗೆ ಇಲ್ಲದೆ ಇಲ್ಲಿ ಏನೂ ನಡೆಯುವುದಿಲ್ಲ, ದಯವಿಟ್ಟು ಕೇಳಿ ಎಂದಳು. ಒಬ್ಬ ಹುಡುಗಿ ಫೋನಿನಲ್ಲಿ ವೀಡಿಯೋ ತೆಗೆಯುತ್ತಿದ್ದಳು.

ನಾನು ಕೇಳಿದೆ. "ಅವ್ವಾ, ನಿನ್ನ ಕೌದಿ ಎಲ್ಲಾರೂ ಹಂಚಿಕೋಬೇಕಂತಾರ. ಆಗಬಹುದೇನ?"

ಅವ್ವ ಆ ಹೆಂಗಸನ್ನು ನೋಡಲಿಲ್ಲ. ನನ್ನನ್ನು ನೋಡಿದಳು. "ನೀ ಏನಂತಿ?"

"ನಾ ಏನನ್ನಲಿ? ಛಲೋನ ಅಲ್ಲ. ಹಂಚಿಕೊಳ್ಳಲಿ."

ಅವ್ವ ಕೌದಿಯ ಅಂಚನ್ನು ಎರಡು ಸಲ ನೇವರಿಸಿ ಸರಿಮಾಡಿದಳು. "ಹಂಚಲಿ ಹಂಗಾರ" ಎಂದಳು. ನಾನು ಆ ಹೆಂಗಸಿಗೆ ಒಪ್ಪಿದಳು ಎಂದೆ. ಅವಳು ಅವ್ವನ ಪಾದ ಮುಟ್ಟಿದಳು.

ಬಿಡಿಸಿ ತೋರಿಸುತ್ತಾರೆ, ಅದರ ಕಥೆ ಹೇಳುತ್ತಾರೆ, ಎಲ್ಲರೂ ಮುಟ್ಟಿ ನೋಡುತ್ತಾರೆ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಇಡೀ ದಿನ ಅಲ್ಲಿ ಶೇರ್ ಎಂದರೆ ಅದೇ ಆಗಿತ್ತು, ನಾನು ಅದಕ್ಕೆ ಇಡೀ ದಿನ ಹಂಚಿಕೊಳ್ಳುವುದು ಎಂದೇ ಹೇಳಿದ್ದೆ.

ಹೊತ್ತು ಇಳಿಯುವಾಗ ಎಲ್ಲರೂ ಕೂತರು. ಕೌದಿಯನ್ನು ಮರಳಿನ ನಡುವೆ ಹಾಸಿದರು. ನೆಲದ ಮೇಲೆ ಹರಡಿದಾಗ ಅದು ಎಷ್ಟು ದೊಡ್ಡದಿತ್ತು ಎಂದು ನನಗೆ ಆಗಲೇ ಗೊತ್ತಾದದ್ದು. ಅಪ್ಪನ ನೀಲಿ ಗೆರೆಯ ಅಂಗಿ ಬಲಗಡೆ ಪೂರ್ತಿ ಇತ್ತು, ಜೇಬಿನ ಸಮೇತ. ಹಿತ್ತಾಳೆಯ ತಟ್ಟೆಯಲ್ಲಿ ಚೆಂಡುಹೂ, ಅದರ ನಡುವೆ ಒಂದು ಕತ್ತರಿ ಬಂತು. ಇವರದು ಏನೋ ಪದ್ಧತಿ, ದಾರ ಗೀರ ಕತ್ತರಿಸುತ್ತಾರೆ ಎಂದುಕೊಂಡೆ. ನಡೆಸುವ ಹೆಂಗಸು ಎದೆಯ ಮೇಲೆ ಕೈಯಿಟ್ಟು, ಅಮ್ಮ ತಮ್ಮ ಇಡೀ ಸಂಸಾರವನ್ನು ನಮಗೆ ಕೊಡುತ್ತಿದ್ದಾರೆ, ಇದು ಇನ್ನು ಮೂವತ್ತು ಮನೆಗಳಲ್ಲಿ ಬದುಕುತ್ತದೆ, ಎಲ್ಲರೂ ಕಣ್ಣು ಮುಚ್ಚಿ ಎಂದಳು. ಎಲ್ಲರೂ ಕಣ್ಣು ಮುಚ್ಚಿ ಓಂಕಾರದಂಥ ಒಂದು ದನಿ ಹೊರಡಿಸಿದರು. ಅವಳ ಕೈಯ ಕತ್ತರಿ ಇಳಕಲ್ ಸೆರಗಿನ ಅಂಚಿಗೆ ನುಗ್ಗಿತು.

ನಾನು ಕೂಗಲಿಲ್ಲ. ಯಾಕೆ ಕೂಗಲಿಲ್ಲ ಎಂದು ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಎಲ್ಲರ ಕಣ್ಣು ಮುಚ್ಚಿತ್ತು, ನನ್ನ ಮಗಳದೂ. ದಿನವಿಡೀ ಹೊಗಳಿಸಿಕೊಂಡ ಬಾಯಿ ಆಗ ಏಳಲಿಲ್ಲ. ನಾನು ಹೇಡಿ, ಅಷ್ಟೇ. ಕುರ್ಚಿಯಲ್ಲಿದ್ದ ಅವ್ವನ ಕಡೆ ತಿರುಗಿದೆ. ಅವಳು ಅತ್ತುಬಿಟ್ಟರೆ, ಒಂದು ಮಾತಾಡಿದರೆ, ಎದ್ದು ಹೋಗಿ ಕತ್ತರಿ ಹಿಡಿಯುತ್ತೇನೆ ಎಂದುಕೊಂಡೆ. ಅವ್ವ ಕತ್ತರಿಯನ್ನು ನೋಡುತ್ತಿರಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಮುಖದಲ್ಲಿ ಗಾಬರಿಯಿಲ್ಲ. ಹಾಗಾದರೆ ಇವಳು ಒಪ್ಪಿಯೇ ಕೊಟ್ಟಿದ್ದಾಳೆ, ದೊಡ್ಡ ಮನಸ್ಸು, ನಾನೇ ಸಣ್ಣವಳು ಎಂದು ನನಗೆ ಬೇಕಾದ ಹಾಗೆ ಅರ್ಥಮಾಡಿಕೊಂಡೆ.

ಕತ್ತರಿ ಕೈಯಿಂದ ಕೈಗೆ ಹೋಯಿತು. ಚೌಕ ಚೌಕವಾಗಿ ತುಂಡಾಯಿತು. ಕೊನೆಯ ಮೂಲೆ ಬಂದದ್ದು ಮಧ್ಯಾಹ್ನ ಅತ್ತಿದ್ದ ಹುಡುಗಿಯರಲ್ಲಿ ಒಬ್ಬಳ ಪಾಲಿಗೆ. ಅವಳು ಕತ್ತರಿಸಿದಾಗ ಒಳಗಿನಿಂದ ಒಂದು ಚಿಟಿಕೆ ಕರಿಪುಡಿ, ಹುಳದ ಸಿಪ್ಪೆ ಉದುರಿದವು. ಅವಳು ಕೊಳೆ ಎಂದುಕೊಂಡು ಚೌಕವನ್ನು ಮರಳಿನ ಮೇಲೆ ಕೊಡವಿದಳು, ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು. ಅದು ಅಪ್ಪ ಸತ್ತ ವರ್ಷ ಅವ್ವ ಸುಟ್ಟ ರೊಟ್ಟಿ ಎಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳುವ ಒಬ್ಬಳೇ ಒಬ್ಬಳು ಅಲ್ಲಿದ್ದಳು, ಅವಳು ಬಾಯಿ ಮುಚ್ಚಿಕೊಂಡಿದ್ದಳು.

ಎಲ್ಲ ಮುಗಿದು ಜನ ಎದ್ದ ಮೇಲೆ ನನಗೆ ಸಿಟ್ಟು ಬಂತು. ನನ್ನ ಸಿಟ್ಟಿಗೆ ಯಾವತ್ತೂ ಇದೇ ವೇಳೆ. ಆ ಹೆಂಗಸನ್ನು ಅಡುಗೆಮನೆಯ ಹಿಂದೆ ತಡೆದು, ಕತ್ತರಿಸುತ್ತೀರಿ ಎಂದು ನೀವು ಹೇಳಲಿಲ್ಲ ಎಂದೆ. ಅವಳ ಮುಖ ಬಿಳಿಚಿತು. ನಾಟಕವಲ್ಲ, ನಿಜಕ್ಕೂ. "ರೊಟ್ಟಿ ಮುರಿದು ಹಂಚುವ ಹಾಗೆ ಅಂತ ನನ್ನ ಮನಸ್ಸಿನಲ್ಲಿತ್ತು. ಶೇರ್ ಅಂದೆನಲ್ಲ. ನೀವೇ ಕೇಳಿದಿರಿ, ಅಮ್ಮ ಹೂಂ ಅಂದರು" ಎಂದಳು. ಹುಡುಗಿಯ ಫೋನಿನ ವೀಡಿಯೋ ತೋರಿಸಿದಳು. ಅದರಲ್ಲಿ ನನ್ನ ದನಿ ಸ್ಪಷ್ಟವಾಗಿತ್ತು. ಚೂರುಗಳನ್ನು ವಾಪಸ್ ಕೇಳಲೇ ಎಂದಳು. ವಾಪಸ್ ಪಡೆದು ಏನು ಮಾಡುವುದು, ಬೇಡ ಎಂದೆ. ಮಗಳು ಎಲ್ಲ ಕೇಳಿಸಿಕೊಂಡಿದ್ದಳು. "ಮಮ್ಮಿ, ನಿನಗೆ ಗೊತ್ತಿದೆ ಅಂದ್ಕೊಂಡೆ. ಯೂ ಆರ್ ದ ಟೀಚರ್" ಎಂದು ಹೇಳಿ ಅಳುತ್ತ ಒಳಗೆ ಹೋದಳು. ನಮ್ಮ ಜೊತೆ ಬರಲಿಲ್ಲ.

ವಾಪಸ್ ಬರುವ ಬೋಟಿನಲ್ಲಿ ಮೀನು ಮಾರುವ ಹೆಂಗಸರು ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಇನ್ನೂ ಸ್ವಲ್ಪ ಬೆಳಕಿತ್ತು. ಅವ್ವ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಅಪ್ಪನ ನೀಲಿ ಗೆರೆಯ ಅಂಗಿಯ ಒಂದು ಚೌಕ, ಜೇಬಿನ ಅರ್ಧ.

"ನನ್ನ ಪಾಲಿಗಿ ಇದು ಬಂತು. ನಿನಗ ಯಾವದು ಬಂತು?"

"ನಾ ತಗೊಳ್ಳಲಿಲ್ಲ."

"ಯಾಕ? ನಿನ್ನ ಸಾಲಿ ಲಂಗ ಇತ್ತಲ್ಲ ಅದರಾಗ. ಕೇಳಿ ಇಸಕೋಬೇಕಿತ್ತು."

ನನಗೆ ತಡೆಯಲಾಗಲಿಲ್ಲ. "ಅವ್ವಾ, ಅವರು ಕತ್ತರಸ್ತಾರ ಅಂತ ನನಗ ಗೊತ್ತಿರಲಿಲ್ಲ. ಹಂಚಿಕೋತಾರ ಅಂದ್ರ ತೋರಸ್ತಾರ ಅಂತ ತಿಳದಿದ್ದೆ" ಎಂದೆ.

"ಹಂಚೂದು ಅಂದ್ರ ತೋರಸೂದು ಹೆಂಗಾಗ್ತದ?"

"ಈಗ ಹಂಗ ಅಂತಾರವ್ವ. ಪುಸ್ತಕದಾಗ ಹಂಗ ಇರ್ತದ."

ಅವ್ವ ಚೌಕದ ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಆ ಹೆಂಗಸು ಕತ್ತರಿಸುವ ಮಾತಾಡಿದ್ದಳು, ಅವ್ವ ಕತ್ತರಿಸುವ ಮಾತನ್ನೇ ಕೇಳಿಸಿಕೊಂಡಿದ್ದಳು. ಮೂವರಲ್ಲಿ ಅರ್ಥವಾಗದೆ ಉಳಿದವಳು ನಡುವೆ ಕೂತು ಅನುವಾದ ಮಾಡಿದವಳು ಒಬ್ಬಳೇ.

"ನನಗ ಪುಸ್ತಕದ್ದೇನು ಗೊತ್ತು" ಎಂದಳು ಅವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ಮನ್ಯಾಗ ಜಾಗ ಇಲ್ಲ ಅಂತಿದ್ದಿ. ಒಗಿಯಾಕ ಮನಸ ಬಂದಿಲ್ಲ, ನಾಕ ಮಂದಿಗಿ ಹಂಚಿಬಿಡೂಣು ಅಂತ ಇಲ್ಲೀತನ ಕರಕೊಂಡು ಬಂದಾಳ ಅಂದಕೊಂಡೆ. ನೀನಽ ಬಾಯಿಬಿಟ್ಟು ಕೇಳಿದ ಮ್ಯಾಲ ನಾ ಹೆಂಗ ಒಲ್ಲೆ ಅನ್ನಲಿ? ಕತ್ರಿ ಹಚ್ಚಿದಾಗ ಸೈತ ನಿನ್ನ ಮಾರಿನ ನೋಡಕೋತ ಕುಂತಿದ್ದೆ. ಈಗರ ಬ್ಯಾಡ ಅಂತಾಳೇನೋ, ಈಗರ ಅಂತಾಳೇನೋ ಅಂತ."

ಬೋಟು ಜೆಟ್ಟಿಗೆ ತಾಗಿ ಅಲುಗಾಡಿತು. ನಾನು ಎದ್ದು ಕೈ ಚಾಚಿದೆ. ಅವ್ವ ಚೌಕವನ್ನು ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡು, ಪಕ್ಕದಲ್ಲಿದ್ದ ಮೀನಿನ ಹೆಂಗಸಿನ ಭುಜ ಹಿಡಿದು ಇಳಿದಳು.